ಹಿಂದಿನ ಸೀಟಿನವರು ನೇಪಾಳಕ್ಕೆ ಹೋದದ್ದು

ಬನಹಟ್ಟಿ

ನನ್ನ ಹೆಂಡತಿ ಸುವರ್ಣಾಗೆ ಬಸ್ಸು ಆಗಿಬರುವುದಿಲ್ಲ. ಬನಹಟ್ಟಿಯಲ್ಲಿ ಹತ್ತಿದರೆ ಮಹಾಲಿಂಗಪುರ ಬರುವಷ್ಟರಲ್ಲಿ ತಲೆ ಕಿಟಕಿಯ ಹೊರಗಿರುತ್ತದೆ. ಕಾರಿನಲ್ಲೂ ಅದೇ ಕಥೆ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಡ್ರೈವರನ ಪಕ್ಕದಲ್ಲಿ ಕೂತದ್ದೂ ಆಯಿತು. ರೈಲಿನಲ್ಲಿ ತೊಂದರೆಯಿಲ್ಲ, ಆದರೆ ರೈಲು ಎಲ್ಲ ಕಡೆ ಹೋಗುವುದಿಲ್ಲವಲ್ಲ. ಮೋಟರ್ ಸೈಕಲ್ಲಿನ ಹಿಂದೆ ಕೂತು ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ಮಾತ್ರ ಅವಳು ರಾಣಿ. ಮದುವೆಯಾಗಿ ಇಪ್ಪತ್ತಾರು ವರ್ಷ ನಾವು ಕಂಡ ಊರುಗಳನ್ನೆಲ್ಲ ಹಾಗೆಯೇ ಕಂಡೆವು. ಅದಕ್ಕೇ ಆರು ವರ್ಷದ ಹಿಂದೆ ಒಂದು ಕ್ರೂಸರ್ ಗಾಡಿ ಕೊಂಡೆ. ತಗ್ಗಾದ ಸೀಟು, ದಪ್ಪ ಟ್ಯಾಂಕು, ಕಾಲು ಮುಂದೆ ಚಾಚಿ ಕೂರುವಂಥದ್ದು. ಓಣಿಯವರು ಸುತ್ತು ಹಾಕಿ ನೋಡಿ, "ಈರಣ್ಣ, ಗಾಡಿ ತಾ ಅಂದ್ರ ಎಮ್ಮಿ ತಂದಿಯಲ್ಲೋ" ಎಂದು ನಕ್ಕಿದ್ದರು.

ಎರಡು ವರ್ಷದ ಹಿಂದೆ ಸುವರ್ಣಾ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ಬೆನ್ನುಮೂಳೆಗೆ ಪೆಟ್ಟಾಯಿತು. ಜಮಖಂಡಿಯ ಡಾಕ್ಟರು ಆಪರೇಷನ್ ಬೇಡ ಎಂದರು, ಆದರೆ ಮೈ ಕುಲುಕಬಾರದು ಎಂದರು. ನಮ್ಮ ಕಡೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗಿ ಮಾಡಿದ ತಗ್ಗುಗಳಲ್ಲಿ ಮೈ ಕುಲುಕದೆ ಹೋಗುವುದು ಹೇಗೆ? ಬಸ್ಸಿನಲ್ಲಿ ವಾಂತಿ, ಗಾಡಿಯಲ್ಲಿ ನೋವು. ಊರೂರು ತಿರುಗಿದವಳಿಗೆ ಈಗ ಜಗತ್ತು ಎಂದರೆ ಕಾಲ್ನಡಿಗೆಯಲ್ಲಿ ಹೋಗಿಬರುವಷ್ಟು ದೂರ ಎಂದಾಯಿತು.

ಅವಳಿಗೊಂದು ಆಸೆ ಇತ್ತು. ಹಿಮದ ಗುಡ್ಡವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಓಣಿಯ ಹೆಣ್ಣುಮಕ್ಕಳು ಕಾಶಿ, ನೇಪಾಳ ಎಂದು ಟೂರಿನ ಬಸ್ಸಿನಲ್ಲಿ ಹೋಗಿಬಂದು ರುದ್ರಾಕ್ಷಿ ಹಂಚುತ್ತ ಕಥೆ ಹೇಳುವಾಗ ಅವಳು ಬಾಯಿ ತೆರೆದು ಕೇಳುತ್ತಿದ್ದಳು. ಎಲ್ಲ ಕೇಳಿದ ಮೇಲೆ, "ಬಸ್ಸಿನ್ಯಾಗ ಅಲ್ಲೇನು?" ಎಂದು ಸುಮ್ಮನಾಗುತ್ತಿದ್ದಳು. ಆ ಸುಮ್ಮನಾಗುವುದನ್ನು ನನ್ನಿಂದ ನೋಡಲಾಗಲಿಲ್ಲ.

ನನ್ನದು ಎಂಟು ಪವರ್‌ಲೂಮಿನ ಸಣ್ಣ ಶೆಡ್ಡು. ಮಗ್ಗದ ರಿಪೇರಿಯೂ ನನ್ನದೇ. ಮಗ್ಗದ ಗದ್ದಲದಲ್ಲಿ ನಿಂತು ಒಂದು ದಿನ ಲೆಕ್ಕ ಹಾಕಿದೆ. ಗೋರಖ್‌ಪುರದವರೆಗೆ ನಾವು ರೈಲಿನಲ್ಲಿ, ಗಾಡಿಯೂ ರೈಲಿನ ಪಾರ್ಸಲ್ ಡಬ್ಬಿಯಲ್ಲಿ. ಅಲ್ಲಿಂದ ಮುಂದೆ ಗಾಡಿ. ಬೆನ್ನನ್ನು ರಿಪೇರಿ ಮಾಡಲಾಗದಿದ್ದರೆ ಗಾಡಿಯನ್ನೇ ಬೆನ್ನಿಗೆ ಹೊಂದಿಸಬೇಕು, ಅಷ್ಟೇ. ಊಟದ ಹೊತ್ತಿಗೆ ಹೇಳಿದೆ.

ಸುವರ್ಣಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನನ್ನ ಬೆನ್ನ ತಡೀಲಿಲ್ಲಂದ್ರ?"

"ಹೊಳ್ಳಿ ಬರೂಣು."

"ಹಂಗ ಹೊಳ್ಳಿ ಬಂದ್ವಿ ಅಂದ್ರ ಮುಗೀತ್ರಿ. ಮುಂದ ನಾ ಎಲ್ಲಿಗೂ ಬರತೇನಿ ಅನ್ನಂಗಿಲ್ಲ, ನೀವೂ ಕರೀಬಾರದು. ಆಸೆ ಹಚ್ಚೂದು, ಮತ್ತ ಮನ್ಯಾಗ ಕುಂಡ್ರೂದು, ಅದು ಆಗಂಗಿಲ್ಲ ನನ್ನ ಕಡಿಂದ."

ಆಯಿತು ಎಂದೆ. 

ಮುಧೋಳ

ಗಾಡಿಯನ್ನು ಮುಧೋಳದ ರಫೀಕನ ಗ್ಯಾರೇಜಿಗೆ ಒಯ್ದೆ. ರಫೀಕ ನನ್ನ ವಯಸ್ಸಿನವನೇ. ಮಾತಾಡುವಾಗ ಮನುಷ್ಯರ ಮುಖ ನೋಡುವುದಿಲ್ಲ, ಗಾಡಿಯ ಮುಖ ನೋಡುತ್ತಾನೆ. ನಾನು ಹೇಳಿದ್ದನ್ನೆಲ್ಲ ಕೇಳಿ ಹೆಡ್‌ಲೈಟಿಗೇ ಉತ್ತರ ಕೊಟ್ಟ: "ಮೂರು ಕೆಲಸ ಅದಾವ್ರಿ. ಹ್ಯಾಂಡಲ್, ಟಾಯರ್, ಹಿಂದಿನ ಶಾಕ್. ಹೊಸ ಸೀಟ್ ಹಾಕಂತ ಬಂದು ಹೇಳ್ತಾರ ಮಂದಿ. ಸೀಟಿಂದ ಏನೂ ಆಗಂಗಿಲ್ರಿ. ಪೆಟ್ಟು ಕೆಳಗಿಂದ ಬರತೈತಿ."

ಮೊದಲು ಹ್ಯಾಂಡಲ್. ಹಳೆಯದು ಉದ್ದಕ್ಕೆ ಮುಂದೆ ಚಾಚಿತ್ತು. ಅದನ್ನು ಹಿಡಿಯಲು ನಾನು ಬಾಗುತ್ತಿದ್ದೆ, ನಾನು ಬಾಗಿದಂತೆ ಸುವರ್ಣಾ ನನ್ನ ಹಿಂದೆ ಜಾರುತ್ತಿದ್ದಳು. ಹೊಸದು ಮೇಲೆದ್ದು ನಮ್ಮ ಕಡೆಗೆ ಬಾಗಿ ಬರುತ್ತದೆ, ಬೆನ್ನು ನೆಟ್ಟಗೆ ನಿಲ್ಲುತ್ತದೆ. ಹಾಕಿ ಮುಗಿಸಿ ರಫೀಕ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದ ನೋಡಿ, ಗಾಡಿ ತಾನೇ ಘರ್ಜಿಸತೊಡಗಿತು. ಎಕ್ಸಲರೇಟರಿನ ಕೇಬಲ್ ಹಳೆಯದು, ಉದ್ದ ಸಾಲದೆ ಎಳೆದುಕೊಳ್ಳುತ್ತಿತ್ತು. ನೆರಳಲ್ಲಿ ಮಲಗಿದ್ದ ಮುಧೋಳದ ಬೇಟೆನಾಯಿಯೊಂದು ಎದ್ದು ಒಂದೇ ನೆಗೆತಕ್ಕೆ ರಸ್ತೆ ದಾಟಿತು. ಉದ್ದ ಕೇಬಲ್ ತರಿಸಲು ಎರಡು ದಿನ ಹಿಡಿಯಿತು.

ಟಾಯರುಗಳು ಮೆತ್ತನೆ ರಬ್ಬರಿನವು. ಶಾಕ್ ಅಬ್ಸಾರ್ಬರು ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು, ದಪ್ಪ ಸ್ಪ್ರಿಂಗಿನದು. ಸ್ಪ್ರಿಂಗಿನ ಕೆಳಗೆ ಒಂದು ರಿಂಗು. ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ತಿರುಗಿಸುವ ಪಾನಾ ಡಬ್ಬಿಯಲ್ಲೇ ಬಂದಿತ್ತು. ರಫೀಕ ಸಡಿಲಕ್ಕೆ ಹತ್ತಿರವಾಗಿ ಒಂದು ಕಡೆ ನಿಲ್ಲಿಸಿ, ಗಾಳಿಯನ್ನೂ ಅಳತೆ ನೋಡಿ ಕಡಿಮೆಯೇ ತುಂಬಿ, ನಾನು ಹೊರಡುವಾಗ ಹೇಳಿದ: "ಈ ರಿಂಗಿಗೆ ಕೈ ಹಚ್ಚಬ್ಯಾಡ್ರಿ, ಈರಣ್ಣ. ನೀವು ಬನಹಟ್ಟಿಯವರು, ಅದಕ್ಕ ಹೇಳಾಕತ್ತೇನಿ."

ಅವನು ಯಾಕೆ ಹಾಗೆಂದ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮತ್ತೆ ಬನಹಟ್ಟಿ

ಸಂಜೆ ಓಣಿಯೇ ಬಂತು. ನಮ್ಮ ಊರಲ್ಲಿ ಹೊಸದನ್ನು ಕಣ್ಣಿಂದ ನೋಡುವುದಿಲ್ಲ, ಕೈಯಿಂದ ನೋಡುತ್ತಾರೆ. ಪಕ್ಕದ ಶೆಡ್ಡಿನ ಸಂಗಪ್ಪ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದ. ಸೀಟು ಕೆಳಗಿಳಿದು ಮೇಲೆ ಬಂತು. ಅವನ ಮುಖ ಸಣ್ಣದಾಯಿತು.

"ಇದು ಕುಸೀತೈತಲ್ಲೋ ಈರಣ್ಣ! ಸಡಿಲ ಮಾಡಿ ಕಳಿಸ್ಯಾನ ಆ ಮುಧೋಳದಾವ."

ಮತ್ತೊಬ್ಬ ಒತ್ತಿದ, ಅವನೂ ತಲೆ ಅಲ್ಲಾಡಿಸಿದ. ನೇಕಾರರ ಊರಲ್ಲಿ ಹುಟ್ಟಿದವರಿಗೆ ಮಾತ್ರ ಇದರ ಸಂಕಟ ಗೊತ್ತು. ನಾವು ಮಗ್ಗಕ್ಕೆ ಹಾಸು, ಎಂದರೆ ಉದ್ದದ ಎಳೆ, ಕಟ್ಟಿದ ಮೇಲೆ ಬೆರಳಿಂದ ಎಳೆಗಳನ್ನು ಮೀಟಿ ನೋಡುತ್ತೇವೆ. ಟಣ್ ಎನ್ನಬೇಕು. ಎನ್ನದಿದ್ದರೆ ಬಟ್ಟೆ ಜೊಳ್ಳು. ಹುರಿ ಮಂಚವಾಗಲಿ, ಸೀರೆಯ ಗಂಟಾಗಲಿ, ಮನುಷ್ಯನ ಮಾತಾಗಲಿ, ನಮ್ಮಲ್ಲಿ ಒಳ್ಳೆಯದಕ್ಕೆಲ್ಲ ಒಂದೇ ಶಬ್ದ: ಬಿಗಿ. ನಲವತ್ತು ವರ್ಷ ಬಿಗಿ ಮಾಡಿ ಮಾಡಿ ಪಳಗಿದ ಕೈ ನನ್ನದು. ನನ್ನ ಮನೆಯ ಮುಂದೆ ನನ್ನ ಗಾಡಿಯನ್ನು ಸಡಿಲ ಎಂದದ್ದು ನನಗೆ ಚುರುಕ್ಕೆಂದಿತು.

ಎಲ್ಲರೂ ಹೋದ ಮೇಲೆ ಪಾನಾ ತಂದು ಎರಡೂ ರಿಂಗನ್ನು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದೆ. ಟಾಯರಿಗೆ ಗಾಳಿ ತುಂಬಿಸಿ, ಗೆಣ್ಣಿನಿಂದ ತಟ್ಟಿದರೆ ಠಣಕ್ಕೆನ್ನುವಂತೆ ಮಾಡಿದೆ. ಮರುದಿನ ಸಂಗಪ್ಪ ಮತ್ತೆ ಒತ್ತಿ, "ಈಗ ಛಲೋ ಆತು ನೋಡು" ಎಂದ. ರಫೀಕನಿಗೆ ಹೇಳಲಿಲ್ಲ. ಸುವರ್ಣಾಗೂ ಹೇಳಲಿಲ್ಲ.

ಬೀಳಗಿ

ಪರೀಕ್ಷೆಗೆಂದು ಬೀಳಗಿಗೆ, ಅವಳ ತಂಗಿಯ ಮನೆಗೆ ಹೋದೆವು. ಎರಡು ವರ್ಷದ ಮೇಲೆ ಅಷ್ಟು ದೂರ. ಜಮಖಂಡಿ ದಾಟುವಾಗ ಹೇಗಿದೆ ಎಂದೆ. "ಛಲೋ ಐತಿ" ಎಂದಳು. ಊರು ತಲುಪಿ ಕೇಳಿದೆ. "ಛಲೋ ಐತಿ ಅಂದೆ ಅಲ್ರಿ." ತಂಗಿಯ ಮನೆಯಲ್ಲಿ ಅವಳು ಕೂರಲೇ ಇಲ್ಲ. ಅಡುಗೆಮನೆಯ ಗೋಡೆಗೆ ಒರಗಿ ನಿಂತೇ ಚಹಾ ಕುಡಿದಳು, ನಿಂತೇ ಮಾತಾಡಿದಳು. ಅಕ್ಕ ತಂಗಿ ಬಹಳ ದಿನಕ್ಕೆ ಭೇಟಿಯಾಗಿದ್ದಾರೆ, ಸಂಭ್ರಮ ಎಂದುಕೊಂಡೆ. ಮನುಷ್ಯ ತನಗೆ ಬೇಕಾದದ್ದನ್ನು ಎಷ್ಟು ಬೇಗ ನಂಬುತ್ತಾನೆ ಎಂದು ಈಗ ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗೋರಖ್‌ಪುರ, ಸೋನೌಲಿ

ದೀಪಾವಳಿಗೆ ಮಗ್ಗ ನಿಲ್ಲುತ್ತವೆ, ಆಗಲೇ ಹೊರಟೆವು. ಮನೆಯ ಪೂಜೆ ತಮ್ಮನ ಪಾಲಿಗೆ ಬಂತು. ಗಾಡಿಯನ್ನು ಸೀರೆಯ ಲಾರಿಯಲ್ಲಿ ಪುಣೆಗೆ ಕಳಿಸಿ ನಾವು ರೈಲು ಹಿಡಿದೆವು. ಅಲ್ಲಿ ಪಾರ್ಸಲ್ ಹಾಕುವಾಗ ಗೋಣಿ ಸುತ್ತಬೇಕು ಎಂದರು. ನಾವು ನೇಕಾರರು, ಗೋಣಿ ಎಲ್ಲಿಂದ ತರೋಣ? ನೇಯ್ಗೆ ಕೆಟ್ಟು ಉಳಿದ ಸೀರೆಗಳನ್ನೇ ಸುತ್ತಿದೆವು. ಗೋರಖ್‌ಪುರದಲ್ಲಿ ಪಾರ್ಸಲ್ ಡಬ್ಬಿಯಿಂದ ಕೆಂಪು ಅಂಚಿನ ಹಸಿರು ಸೀರೆ ಉಟ್ಟ ನಮ್ಮ ಎಮ್ಮೆ ಇಳಿಯಿತು. ಹಮಾಲರು ಕೈಮುಗಿದು ನಕ್ಕರು. ಪಾರ್ಸಲ್ಲಿಗೆ ಹಾಕುವ ಮೊದಲು ಟ್ಯಾಂಕಿನ ಪೆಟ್ರೋಲು ಪೂರ್ತಿ ತೆಗೆಸಿರುತ್ತಾರೆ. ಪಂಪು ಎಲ್ಲಿ ಎಂದು ಕೇಳುತ್ತ ನಾನು ಗಾಡಿ ನೂಕಿದೆ. ಸುವರ್ಣಾ ಹೆಲ್ಮೆಟ್ ಹಾಕಿಕೊಂಡೇ ಪಕ್ಕದಲ್ಲಿ ನಡೆದಳು. "ತೆಗೀ ಅದನ್ನ, ಮಂದಿ ನೋಡಾಕತ್ತಾರ" ಎಂದೆ. "ನೋಡಲಿ ಬಿಡ್ರಿ. ಇಲ್ಲಿ ನಮ್ಮನ್ನ ಗುರುತ ಹಿಡಿಯಾವ್ರು ಯಾರದಾರ?" ಎಂದಳು. ಅಷ್ಟು ಖುಷಿಯಲ್ಲಿ ಅವಳನ್ನು ನೋಡಿ ಬಹಳ ದಿನವಾಗಿತ್ತು.

ಪರದೇಶ ಎಂದರೆ ಏನೋ ಅಂದುಕೊಂಡಿದ್ದೆ. ಸೋನೌಲಿಯ ಗಡಿ ಸಂತೆಯ ದಿನದ ಜಮಖಂಡಿ ಬಸ್‌ಸ್ಟ್ಯಾಂಡಿನಂತಿತ್ತು. ಒಂದು ಕಮಾನು, ಅದರ ಕೆಳಗೆ ಸೈಕಲ್ಲು, ರಿಕ್ಷಾ, ತಲೆಯ ಮೇಲೆ ಗಂಟು ಹೊತ್ತವರು. ಗಾಡಿಗೆ ಎಷ್ಟು ದಿನದ ಪರವಾನಗಿ ಬೇಕು ಎಂದು ಅಲ್ಲಿಯ ಅಧಿಕಾರಿ ಕೇಳಿದಾಗ ನಾನು ಸುವರ್ಣಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಎಷ್ಟು ದಿನ ಎನ್ನುವುದು ಅವಳ ಬೆನ್ನಿಗೆ ಬಿಟ್ಟದ್ದು ಎಂದು ಅವನಿಗೆ ಹೇಗೆ ಹೇಳುವುದು? ಹತ್ತು ದಿನ ಎಂದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಪೂರ್ತಿ ಒಂದು ತಾಸಾದರೂ ಮುಂದಿದ್ದರೆ ಪರದೇಶ ಎನಿಸುತ್ತಿತ್ತು. ಈ ಹದಿನೈದು ನಿಮಿಷ ನಮ್ಮ ಶೆಡ್ಡಿನ ಹಳೆಯ ಗಡಿಯಾರದ ಹಾಗಾಯಿತು.

ಬುಟವಲ್

ಬೆಟ್ಟ ಶುರುವಾಗುವ ಮೊದಲಿನ ಊರು ಬುಟವಲ್. ಅಲ್ಲಿ ಅಂದು ನಾಯಿಗಳ ಹಬ್ಬ. ನಾನು ಕಥೆ ಕಟ್ಟುತ್ತಿಲ್ಲ. ನಮ್ಮ ದೀಪಾವಳಿಯ ಹೊತ್ತಿಗೆ ಅವರಿಗೂ ಐದು ದಿನದ ಹಬ್ಬ, ಅದರಲ್ಲಿ ಒಂದು ದಿನ ನಾಯಿಗೆ. ಬೀದಿಯ ಒಂದೊಂದು ನಾಯಿಯ ಕೊರಳಲ್ಲೂ ಚೆಂಡುಹೂವಿನ ಮಾಲೆ, ಹಣೆಗೆ ಕೆಂಪು ಅಕ್ಷತೆ. ತಾವೇನು ಮಾಡಿದೆವೆಂದು ಈ ಮರ್ಯಾದೆ ಎಂದು ತಿಳಿಯದೆ ಅವು ಗೊಂದಲದಲ್ಲಿ ನಿಂತಿದ್ದವು. ನಮ್ಮ ಮುಧೋಳದ ನಾಯಿಗೆ ದೇಶವೆಲ್ಲ ಹೆಸರು, ಆದರೆ ಯಾರಾದರೂ ಒಂದು ಹೂವು ಹಾಕಿದ್ದನ್ನು ನಾನು ಕಂಡಿಲ್ಲ. ಹಾಗೆಂದೆ. "ರಫೀಕಣ್ಣನ ಗ್ಯಾರೇಜಿನ ನಾಯಿಗೆ ಹೋಗಿ ಹೇಳ್ರಿ, ಇಲ್ಲಿಗೆ ಬರಲಿ" ಎಂದು ಸುವರ್ಣಾ ನಕ್ಕಳು. ನಗುವಾಗ ಒಂದು ಕೈ ಸೊಂಟದ ಮೇಲಿತ್ತು. ಅದನ್ನು ನಾನು ಕಂಡೆ, ಆದರೂ ನಾಯಿಗಳನ್ನೇ ನೋಡುತ್ತ ನಿಂತೆ.

ತಾನ್ಸೇನಿನ ಏರು

ಮರುದಿನ ಬೆಳಿಗ್ಗೆ ಏರು ಹತ್ತಿದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದಲ್ಲಿ ಹೊಳೆ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಅಲ್ಲಲ್ಲಿ ಬರೀ ಕಲ್ಲಾಗಿತ್ತು. ಬಸ್ಸುಗಳು ತಿರುವಿನಲ್ಲಿ ಓಲಾಡುತ್ತ ಇಳಿಯುತ್ತಿದ್ದವು. ಕಿಟಕಿಯಲ್ಲಿ ನೇತುಬಿದ್ದ ತಲೆಗಳನ್ನು ಕಂಡು, ಇಲ್ಲೂ ಸುವರ್ಣಾಗೆ ಅಕ್ಕತಂಗಿಯರಿದ್ದಾರೆ ಎಂದು ಚೇಷ್ಟೆ ಮಾಡಿದೆ. ಒಂದು ಕಲ್ಲಿನ ಮೇಲೆ ಚಕ್ರ ಹತ್ತಿ ಇಳಿಯಿತು. ನನ್ನ ಭುಜದ ಮೇಲೆ ಅವಳ ಕೈ ಗಟ್ಟಿಯಾಗಿ ಒತ್ತಿತು.

"ನಿಲ್ಲಸ್ರಿ."

ರಸ್ತೆಬದಿಯಲ್ಲಿ ಅರಳಿಮರ, ಅದರ ಸುತ್ತ ಕಲ್ಲಿನ ಕಟ್ಟೆ. ಚೌತಾರಿ ಎನ್ನುತ್ತಾರೆ. ಬೆನ್ನ ಮೇಲೆ ಹೊರೆ ಹೊತ್ತು ಗುಡ್ಡ ಹತ್ತುವವರು ಬಾಗದೆ ಹೊರೆ ಇಳಿಸಲೆಂದು ಕಟ್ಟಿದ್ದು. ಸುವರ್ಣಾ ಅದರ ಮೇಲೆ ಅಂಗಾತ ಮಲಗಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಸೊಂಟಕ್ಕೆ ಇನ್ನೊಂದು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬಿಗಿದುಕೊಂಡದ್ದು ಆಗ ಕಂಡಿತು.

"ಸುಳ್ಳ ಹೇಳೇನ್ರಿ ನಾ. ಬೀಳಗಿಯಿಂದ ಬರೂ ಮುಂದ ಜೀವಾ ಹೋಗಿತ್ತು. ಹೇಳಿದ್ರ ನೀವ ಬ್ಯಾಡ ಅಂತಿದ್ರಿ, ಅದಕ್ಕ ಹೇಳಲಿಲ್ಲ." ಕಣ್ಣೊರೆಸಿಕೊಂಡು, "ಹೊಳ್ಳಿ ಹೋಗೂಣ್ರಿ. ನನ್ನ ಕಡಿಂದ ಆಗೂದಿಲ್ಲ" ಎಂದಳು.

ನನಗೆ ಅಳು ಬಂದಿತ್ತು. ಹೊಳ್ಳಿದರೆ ಮನೆ, ಮನೆ ಸೇರಿದರೆ ಮುಗಿಯಿತು. ಮಾತು ಅವಳೇ ಹಾಕಿದ್ದು, ಅವಳು ಮಾತಿಗೆ ತಪ್ಪುವವಳಲ್ಲ.

ರಸ್ತೆಯ ಆಚೆ ಒಂದು ತಗಡಿನ ಅಂಗಡಿ, ಮುಂದೆ ಹಳೆ ಟಾಯರುಗಳ ಗುಡ್ಡೆ. ಅಲ್ಲಿಂದ ಒಬ್ಬ ಹೆಂಗಸು ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದಳು. ನಲವತ್ತೈದರ ಆಚೆಯವಳು, ಮುಡಿಯಲ್ಲಿ ಚೆಂಡುಹೂವು. ಪಂಕ್ಚರು, ರಿಪೇರಿ ಎಲ್ಲ ಅವಳೇ ಮಾಡುವುದಂತೆ. ಅಲ್ಲಿ ಅಂಥವರನ್ನು ದಿದಿ ಎಂದು ಕರೆಯುತ್ತಾರೆ, ಎಂದರೆ ಅಕ್ಕ. ಅವಳ ಹಿಂದಿಯೂ ನನ್ನ ಹಿಂದಿಯೂ ಒಂದೇ ಗುಣದವು, ಹಾಗಾಗಿ ಚೆನ್ನಾಗಿ ಅರ್ಥವಾಯಿತು. ಮೊದಲು ಸುವರ್ಣಾಳ ಬೆನ್ನ ಕೆಳಗೆ ಚಾಪೆ, ದಿಂಬು ಕೊಟ್ಟಳು. ಬಾಟಲಿಯಲ್ಲಿ ಬಿಸಿನೀರು ತಂದು ಸೊಂಟಕ್ಕಿಟ್ಟಳು. ಆಮೇಲೆ ಗಾಡಿಯ ಕಡೆ ಬಂದು, ನಮ್ಮ ಸಂಗಪ್ಪನ ಹಾಗೆಯೇ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಸೀಟು ಅಲ್ಲಾಡಲಿಲ್ಲ. ಎರಡೂ ಕೈಯಿಂದ ಒತ್ತಿದಳು. ಟಾಯರಿಗೆ ಹೆಬ್ಬೆರಳು ಚುಚ್ಚಿದಳು. ಬಾಗಿ ಸ್ಪ್ರಿಂಗಿನ ರಿಂಗು ನೋಡಿದಳು. ಇದನ್ನು ಹೀಗೆ ಮಾಡಿದವರು ಯಾರು ಎಂದು ಕೇಳಿದಳು.

ನಾನೇ ಎಂದೆ. ನೋಡಿ, ಆ ಹೊತ್ತಿನಲ್ಲೂ ಅದರಲ್ಲಿ ಒಂದು ಹೆಮ್ಮೆ ಇತ್ತು.

ಇದರ ಮೇಲೆ ಹೆಂಗಸಲ್ಲ, ಸಿಮೆಂಟು ಚೀಲ ಕೂರಿಸಬೇಕು ಎಂದಳು ದಿದಿ. ಇಷ್ಟು ಬಿಗಿದರೆ ಶಾಕ್ ಇದ್ದೂ ಇಲ್ಲ. ಕಲ್ಲಿನ ಪೆಟ್ಟೆಲ್ಲ ನೇರ ಬೆನ್ನಿಗೇ ಹೋಗುತ್ತದೆ.

ಸುವರ್ಣಾ ಮೊಣಕೈಯೂರಿ ಎದ್ದಳು. ಹಿಂದಿ ಅವಳಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.

"ನೀವ ಬಿಗಿ ಮಾಡಿದ್ರೇನ್ರಿ?"

ನಾನು ಪಾನಾ ಇದ್ದ ಚೀಲದ ಕಡೆ ನೋಡಿದೆ.

"ರಫೀಕಣ್ಣ ಸಡಿಲ ಇಟ್ಟಿದ್ದನೇನು?"

"ಹೂಂ. ಓಣ್ಯಾಗ ಎಲ್ಲಾರೂ ಕುಸೀತೈತಿ ಅಂದ್ರು..."

"ಹಾಸಿನ ಎಳಿ ಹರಿಯಾಕತ್ರ ನೀವ ಏನ ಮಾಡತೀರಿ?"

"ಸಡಿಲ ಬಿಡತೇನಿ."

"ಮತ್ತ?"

ಅಷ್ಟೇ ಕೇಳಿದಳು. ನಲವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ಬಿಗಿ ಹೆಚ್ಚಾದರೆ ಎಳೆ ಕಡಿಯುತ್ತದೆ, ಕಡಿಯತೊಡಗಿದರೆ ಸಡಿಲ ಬಿಡಬೇಕು. ದಾರಕ್ಕೆ ತೋರಿಸುವ ಕರುಣೆಯನ್ನು ಹೆಂಡತಿಯ ಬೆನ್ನಿಗೆ ತೋರಿಸಲು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ಖರೆಯಲ್ಲ. ಸಂಗಪ್ಪನ ಮುಂದೆ ಮಾನ ಹೋಗಬಾರದೆಂದು ಮಾಡಿದ ಕೆಲಸ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾತು ಸುವರ್ಣಾ" ಎಂದೆ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಎಷ್ಟು ಸಲ ಬಂದಿದೆಯೋ ಕಾಣೆ. ಒಂದು ಕೈಯ ಬೆರಳು ಸಾಕಾದೀತು.

ಸುವರ್ಣಾ ದಿದಿಯ ಕಡೆ ತಿರುಗಿ, ಸಡಿಲ ಮಾಡಿಕೊಡಲು ಬರುತ್ತದೆಯೇ ಎಂದು ಕೇಳಿದಳು.

ದಿದಿ ನನ್ನನ್ನು ಮುಂದೆ ಕೂರಿಸಿದಳು. ಸುವರ್ಣಾಳನ್ನು ಮೆಲ್ಲಗೆ ಹಿಂದೆ ಕೂರಿಸಿದಳು. ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗೇಣು ಹಾಕಿ ನೋಡಿದಳು. ಇಳಿಸಿದಳು. ಎರಡು ಬದಿಯ ರಿಂಗನ್ನೂ ಒಂದೊಂದು ಸುತ್ತು ಸಡಿಲಿಸಿದಳು. ಮತ್ತೆ ಕೂರಿಸಿದಳು, ಮತ್ತೆ ಗೇಣು. ಪ್ರತಿ ಸಲವೂ ಕೇಳಿದ್ದು ಸುವರ್ಣಾಳನ್ನೇ, ನನ್ನನ್ನಲ್ಲ. ಟಾಯರಿನ ಗಾಳಿ ಉಸ್ಸೆಂದು ಅರ್ಧ ನಿಟ್ಟುಸಿರಿನಷ್ಟು ಹೊರಗೆ ಹೋಯಿತು. ಕೊನೆಗೆ ಹ್ಯಾಂಡಲಿನ ಬೋಲ್ಟು ಬಿಚ್ಚಿ, ಅದನ್ನು ಇನ್ನೊಂದೆರಡು ಬೆರಳು ನನ್ನ ಕಡೆ ವಾಲಿಸಿದಳು. ನಾನು ಹಿಂದೆ ಸರಿದು ನೆಟ್ಟಗೆ ಕೂತರೆ ಅವಳಿಗೆ ಒರಗಲು ಒಂದು ಬೆನ್ನು ಸಿಗುತ್ತದೆ ಎಂದಳು.

ಸುವರ್ಣಾ ಸೊಂಟಕ್ಕೆ ಬಿಗಿದಿದ್ದ ಸೀರೆ ಬಿಚ್ಚಿ ಮಡಚಿ ಚೀಲದಲ್ಲಿಟ್ಟಳು. "ಮುಂದಿನ ಊರತನಕಾ ಹೋಗೂಣ್ರಿ. ಅಲ್ಲಿ ಹೇಳತೇನಿ" ಎಂದಳು. ನಾನು ಕಿಕ್ಕು ಹೊಡೆದೆ. ಆ ಮುಂದಿನ ಊರು ತಾನ್ಸೇನ್. ಅಲ್ಲಿ ಚಹಾ ಕುಡಿದು, "ಇನ್ನೊಂದ ಊರು" ಎಂದಳು.

ವಾಲಿಂಗ್ ದಾಟಿದ ಮೇಲೆ

ಹಾಗೆ ಒಂದೊಂದೇ ಊರು ಎನ್ನುತ್ತ ವಾಲಿಂಗ್ ಎಂಬಲ್ಲಿ ಉಳಿದೆವು. ಊಟಕ್ಕೆ ಅನ್ನ, ಬೇಳೆ, ಸೊಪ್ಪು. ಬಡಿಸುವವರು ಕೇಳದೆ ಎರಡನೆಯ ಸಲ ಹಾಕುತ್ತಾರೆ, ಅದರಲ್ಲಿ ನಮ್ಮವರಂತೆಯೇ. ರೊಟ್ಟಿ ಇಲ್ಲದ್ದೊಂದೇ ದುಃಖ. ಸುವರ್ಣಾ ಬೆಂಚಿನ ಮೇಲೆ ಕೂತು ಉಂಡಳು. ನಾನು ಅದನ್ನೇ ನೋಡುತ್ತಿದ್ದೆ.

ಬೆಳಿಗ್ಗೆ ಬೇಗ ಹೊರಟೆವು. ಗದ್ದೆಗಳಲ್ಲಿ ಭತ್ತ ಕೊಯ್ದು ಒಣಹಾಕಿದ್ದರು. ಒಂದು ಮೈಲಿಗೊಮ್ಮೆ "ಹ್ಯಾಂಗೈತಿ?" ಎಂದು ಕೇಳುತ್ತಿದ್ದೆ. ನಾಲ್ಕನೆಯ ಸಲಕ್ಕೆ, "ಸುಮ್ನ ಗಾಡಿ ಹೊಡೀರಿ, ತಲಿ ತಿನಬ್ಯಾಡ್ರಿ" ಎಂದು ಬೈದಳು. ಬೈಗುಳ ಕೇಳಿ ಹಾಯೆನಿಸಿತು. ನೋವಿದ್ದಾಗ ಅವಳು ಬೈಯುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಬೆನ್ನಿಗೆ ಹೆಲ್ಮೆಟ್ಟು ಟಕ್ಕೆಂದು ತಾಗಿತು. ಮತ್ತೊಮ್ಮೆ ತಾಗಿತು. ಅವಳಿಗೆ ಬವಳಿ ಬಂದಿತೇ? ವೇಗ ತಗ್ಗಿಸಿ ಒಂದು ಕೈ ಹಿಂದೆ ಚಾಚಿ ಅವಳ ತೋಳು ಹಿಡಿದೆ. ಕನ್ನಡಿಯಲ್ಲಿ ನೋಡಿದರೆ ಅವಳು ನಿದ್ದೆ ಹೋಗಿದ್ದಳು. ಎರಡು ವರ್ಷ ಹಾಸಿಗೆಯಲ್ಲೂ ಮಗ್ಗುಲು ಬದಲಿಸಲು ಎದ್ದು ಕೂರುತ್ತಿದ್ದವಳು ಗಾಡಿಯ ಮೇಲೆ ನಿದ್ದೆ ಹೋಗಿದ್ದಳು.

ಹಾಗೇ ನಿಧಾನಕ್ಕೆ ಬದಿಗೆ ನಿಲ್ಲಿಸಲು ಜಾಗ ನೋಡುತ್ತ ತಿರುವು ದಾಟಿದೆ. ಮುಂದೆ ಆಕಾಶದಲ್ಲಿ ಒಂದು ಬಿಳಿ ಮೋಡವಿತ್ತು. ಮೋಡಕ್ಕೆ ಅಂಚು ಇರುವುದಿಲ್ಲ, ಇದಕ್ಕೆ ಇತ್ತು. ನಿಲ್ಲಿಸಿ ಎರಡೂ ಕಾಲೂರಿದೆ.

"ಸುವರ್ಣಾ, ಏಳ. ಬಂತು."

ಅವಳು ಎದ್ದು ಎಲ್ಲಿದ್ದೇವೆಂದು ತಿಳಿಯದೆ ಆಚೀಚೆ ನೋಡಿ, ಆಮೇಲೆ ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಕೆಳಗಿನ ಹಸಿರು ಗುಡ್ಡಗಳ ತಲೆಯ ಮೇಲೆ ಅದೊಂದೇ ಬೆಳ್ಳಗೆ, ಬಿಸಿಲು ಬಿದ್ದು ಹೊಳೆಯುತ್ತಿತ್ತು. ಫೋನು ತೆಗೆದು ಹೇಳಿದೆ: "ಇಳಿ. ಅಲ್ಲಿ ನಿಂದ್ರು, ಫೋಟೋ ತೆಗೀತೇನಿ. ಓಣಿಯವರಿಗೆ ತೋರಿಸೂಣು."

"ಓಣಿಯವರ ಮಾತ ಸಾಕ್ರಿ" ಎಂದಳು. ಆಮೇಲೆ ನನ್ನ ಬೆನ್ನಿಗೆ ಒರಗಿ, ಕಣ್ಣು ಗುಡ್ಡದ ಮೇಲೇ ಇಟ್ಟು ಹೇಳಿದಳು: "ಈಗ ಇಳಸಬ್ಯಾಡ್ರಿ ನನ್ನ. ಗುಡ್ಡ ಎಲ್ಲಿಗೂ ಹೋಗಂಗಿಲ್ಲ. ನೋವಿಲ್ಲದ ಕುಂತು ಎರಡ ವರ್ಷ ಆತು. ಇನ್ನೊಂದೀಟು ಕುಂಡ್ರತೇನಿ."

ಫೋನು ಜೇಬಿಗೆ ಹಾಕಿ, ಎಂಜಿನ್ ಆರಿಸಿ, ಅವಳು ಒರಗಿದ ಬೆನ್ನು ಅಲುಗದ ಹಾಗೆ ಕೂತೆ.